ಮೂರು ತಾಲ್ಲೂಕಿನ ಗಾಜು

ಕಳೆದ ವಾರ ನಾನು ಕಲಬುರಗಿಗೆ ಹೋಗಿ ಒಂದು ಫೋಟೊಗೆ ಕಟ್ಟು ಹಾಕಿಸಿಕೊಂಡು ಬಂದೆ. ಆಳಂದದವನೊಬ್ಬ ಫೋಟೊ ಕಟ್ಟಿಗಾಗಿ ಕಲಬುರಗಿಯವರೆಗೆ ಹೋದದ್ದು ನನ್ನ ತಿಳಿವಳಿಕೆಯ ಮಟ್ಟಿಗೆ ಇದೇ ಮೊದಲು. ಕಾರಣ ಇಷ್ಟೆ: ನಮ್ಮೂರಿನಲ್ಲಿ ಕಟ್ಟು ಹಾಕುವವರು ಯಾರಿದ್ದರೋ, ಈ ಸಲ ಫೋಟೊದೊಳಗೆ ಅವರೇ ಇದ್ದರು.

ಕಟ್ಟು ಕೆಟ್ಟದಾಗಿಲ್ಲ. ಆದರೆ ಎಡಗಡೆ ಕೆಳಮೂಲೆಯಲ್ಲಿ, ಎರಡು ಪಟ್ಟಿಗಳು ಕೂಡುವ ಕಡೆ, ಒಂದು ಅಕ್ಕಿಕಾಳು ತೂರುವಷ್ಟು ಸಂದು ಬಿಟ್ಟಿದೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರುವಾಗ ಅದು ನನ್ನ ಕಣ್ಣಿಗೆ ಬಿತ್ತು. ಇಳಿದು ವಾಪಸು ಹೋಗಿ ಜಗಳ ತೆಗೆಯುವ ವಯಸ್ಸು ನನ್ನದಲ್ಲ. ಅಲ್ಲದೆ ನಾನು ತಹಶೀಲು ಕಚೇರಿಯಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು. ಇದಕ್ಕಿಂತ ಎಷ್ಟೋ ದೊಡ್ಡ ಸಂದುಗಳಿದ್ದ ಕಾಗದಗಳ ಮೇಲೆ 'ಪರಿಶೀಲಿಸಲಾಗಿದೆ' ಎಂದು ಷರಾ ಬರೆದ ಕೈ ಇದು. ಯಾರೂ ನೋಡಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡು ಅವರ ಮನೆಗೆ ಮುಟ್ಟಿಸಿದೆ.

ಅವರಾಗಿದ್ದರೆ ನೋಡುತ್ತಿದ್ದರು. ಸಂದು ಎಂದರೆ ಅವರಿಗೆ ಆಗುತ್ತಿರಲಿಲ್ಲ. ನಾಲ್ಕು ಪಟ್ಟಿ ಕೂಡಿಸಿದ ಮೇಲೆ ಉಗುರಿನಿಂದ ಮೂಲೆಯನ್ನು ಸವರುತ್ತಿದ್ದರು. ಉಗುರು ಎಲ್ಲಾದರೂ ತಡೆದರೆ ಮೊಳೆ ಕಿತ್ತು ಮತ್ತೆ ಮೊದಲಿನಿಂದ. ಗಿರಾಕಿ ಎದುರಿಗೆ ನಿಂತು "ಇರ್ಲಿ ಬಿಡ್ರಿ, ಬಸ್ ಹೊಂಟದ" ಎಂದು ಗೋಗರೆದರೂ ಕೇಳುತ್ತಿರಲಿಲ್ಲ.

"ಬಸ್ಸು ಮತ್ತ ಬರತದ್ರಿ. ಇದು ಗ್ವಾಡಿಗೆ ಕುಂತರ ಏಳಂಗಿಲ್ಲ" ಎನ್ನುತ್ತಿದ್ದರು.

ಅವರ ಅಂಗಡಿ ಬಜಾರದಲ್ಲಿ ಪಾತ್ರೆ ಅಂಗಡಿಗೂ ದರ್ಜಿಯ ಅಂಗಡಿಗೂ ನಡುವೆ ಸಿಕ್ಕಿಕೊಂಡಿತ್ತು. ಒಂದು ಗೋಡೆಗೆ ದೇವರುಗಳು, ಶರಣರು, ದರ್ಗಾದ ಚಿತ್ರಗಳು. ಎದುರು ಗೋಡೆಗೆ ಕಟ್ಟು ಮುಗಿದು ಒಯ್ಯಲು ಮನೆಯವರು ಬಾರದ ಹಿರಿಯರು. ಕೆಲವರು ಹತ್ತು ವರ್ಷದಿಂದ ಅಲ್ಲೇ ಇದ್ದರು. ಸೋಮವಾರ ಸೋಮವಾರ ಅವರ ಮುಖದ ಮೇಲಿನ ಗಾಜನ್ನು ಬಾಯಿಯ ಹಬೆ ಹಿಡಿದು, ಹಳೆಯ ಪೇಪರಿನಿಂದ ಒರೆಸುತ್ತಿದ್ದರು. ಪೇಪರು ಹಿಂದಿನ ದಿನದ್ದೇ ಆಗಬೇಕು. "ಇವತ್ತಿಂದರ ಮಸಿ ಹಸಿ ಇರತದ ಸಾಹೇಬ್ರ. ಕಾಚಿಗೆ ನಿನ್ನಿ ಸುದ್ದಿನೇ ಚಲೋ." ನಾನು ಅಂದಿನ ಪೇಪರನ್ನು ಅಂದೇ ಓದಿ ಮುಗಿಸುವುದು ಒಂದು ದುಡುಕಿನ ಕೆಲಸವೇನೋ ಎಂಬ ಸಂಶಯ ನನಗೆ ಬಂದದ್ದು ಆಗಲೇ.

ತೀರಿಹೋದವರ ಫೋಟೊ ಹಿಡಿದು ಯಾರೇ ಬರಲಿ, ಮೊದಲು ಅದನ್ನು ಕೈಯಳತೆ ದೂರ ಹಿಡಿದು ನೋಡಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ನಗೂದು ಇಲ್ಲೇನ್ರಿ?"

ಒಮ್ಮೆ ಮಟಕಿ ಹಳ್ಳಿಯ ರೈತನೊಬ್ಬ ಬಂದಿದ್ದ. ಈ ಪ್ರಶ್ನೆ ಕೇಳಿ ಬಹಳ ಹೊತ್ತು ಯೋಚಿಸಿ, "ನಮ್ಮಪ್ಪ ನಕ್ಕಿದ್ದೇ ಇಲ್ರಿ" ಎಂದ.

"ಹಂಗಾದ್ರ ಜರಾ ಅಗಲ ಪಟ್ಟಿ ಹಾಕತೇನಿ. ಸಿಟ್ಟು ನಡುವ ಸಣ್ಣದಾಗಿ ಕಾಣತದ."

ಇದೇ ಕೈಯಳತೆಯ ನೋಟದಿಂದ ಬದುಕಿದ್ದವರನ್ನೂ ನೋಡುವ ರೂಢಿ ಅವರಿಗಿತ್ತು. ನಾನು ನಮಸ್ಕಾರ ಎಂದಾಗಲೆಲ್ಲ ಅವರ ಒಂದು ಕಣ್ಣು ಚೂರು ಕಿರಿದಾಗುತ್ತಿತ್ತು. ಹನ್ನೆರಡು ಇಂಚಿಗೆ ಹದಿನೈದು ಇಂಚು ಸಾಕಾದೀತು ಎಂದು ಅಂದಾಜು ಹಾಕುತ್ತಿದ್ದಾರೆಂದೇ ನನ್ನ ಖಾತ್ರಿ. ಅವರ ಕೈಯಿಂದ ಕಟ್ಟು ಹಾಕಿಸಿಕೊಳ್ಳುವ ಸರದಿ ನನ್ನದೆಂದು ನಾವಿಬ್ಬರೂ ಮಾತಿಲ್ಲದೆ ಒಪ್ಪಿಕೊಂಡಿದ್ದೆವು. ಅವರು ಆ ಕರಾರು ಮುರಿದರು.

ಅವರು ಮದುವೆಯಾಗಲಿಲ್ಲ. ಹರೆಯದಲ್ಲಿ ಸಂಬಂಧಗಳು ಬಂದಾಗ ಹುಡುಗಿಯರ ಫೋಟೊ ಕಳಿಸುತ್ತಿದ್ದರಂತೆ. ಇವರು ಅವಕ್ಕೆ ಒಪ್ಪವಾಗಿ ಕಟ್ಟು ಹಾಕಿ ವಾಪಸು ಕಳಿಸುತ್ತಿದ್ದರಂತೆ. ಅದು ಒಪ್ಪಿಗೆಯೋ ನಿರಾಕರಣೆಯೋ ಎಂದು ಮೂರು ಊರಿನವರು ತಲೆ ಕೆಡಿಸಿಕೊಂಡರು. ಈ ಸಂಗತಿ ಹೇಳಿದವಳು ಅವರ ಅಕ್ಕ. ಹೇಳುವಾಗ ಪ್ರತಿಸಲವೂ ಕೊನೆಗೆ "ಮಬ್ಬು" ಎಂದು ಸೇರಿಸುತ್ತಿದ್ದಳು.

ಇನ್ನು ಈ ಅಕ್ಕನ ವಿಷಯ ಹೇಳದೆ ಗತ್ಯಂತರವಿಲ್ಲ.

ತಾಯಿ ಹೋದಾಗ ತಮ್ಮನಿಗೆ ಇನ್ನೂ ಸರಿಯಾಗಿ ಅಂಗಿ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲವಂತೆ. ಅಕ್ಕ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ಅವನನ್ನು ದೊಡ್ಡವನನ್ನಾಗಿ ಮಾಡಿದಳು. ಅಫಜಲಪುರಕ್ಕೆ ಮದುವೆಯಾಗಿ ಹೋಗಿ, ಗಂಡ ತೀರಿದ ಮೇಲೆ, ಮಗಳ ಮದುವೆಯನ್ನೂ ಮುಗಿಸಿ ಮತ್ತೆ ಆಳಂದಕ್ಕೆ ತಮ್ಮನ ಮನೆಗೇ ಬಂದಳು. ಬಂದ ದಿನವೇ ಒಲೆಯ ಮುಂದೆ ಕುಳಿತಳು. ನಮ್ಮ ಓಣಿಯಲ್ಲಿ ಮುಂಜಾನೆ ಆರಕ್ಕೆ ಎದ್ದವರು ಗಡಿಯಾರ ನೋಡುತ್ತಿರಲಿಲ್ಲ. ಆಕೆಯ ರೊಟ್ಟಿ ಬಡಿತ ಕೇಳುತ್ತಿದ್ದರು.

ಮೂರು ವರ್ಷದ ಹಿಂದೆ ಒಂದು ದಿನ ಆ ಸದ್ದು ನಡುವೆಯೇ ನಿಂತಿತು. ಲಕ್ವಾ. ಎಡಗೈ, ಎಡಗಾಲು ಹೋದವು. ನಾಲಿಗೆಗೆ ಏನೂ ಆಗಲಿಲ್ಲ. ಆಗುವಂಥ ನಾಲಿಗೆಯೂ ಅಲ್ಲ. ಆದರೆ ಕೈಕಾಲಿಗಿಂತ ವಿಚಿತ್ರವಾದ ಇನ್ನೊಂದು ಕೆಟ್ಟಿತ್ತು. ಅದು ಪತ್ತೆಯಾದದ್ದು ಊಟದ ಹೊತ್ತಿನಲ್ಲಿ.

ತಟ್ಟೆಯಲ್ಲಿ ಒಂದು ರೊಟ್ಟಿ, ಪಲ್ಯ ಹಾಕಿಕೊಟ್ಟರೆ ಆಕೆ ಬಲಗಡೆಯ ಅರ್ಧ ತಿಂದು, ಖಾಲಿಯಾಯಿತೆಂದು ತಮ್ಮನನ್ನು ಬೈಯುತ್ತಿದ್ದಳು.

"ಲೇ, ಅರ್ಧಾ ರೊಟ್ಟಿ ಹಾಕತಿಯಲ್ಲ, ನಾ ನಿನಗ ಎಂದಾರ ಅರ್ಧಾ ಹಾಕೇನೇನ?"

ಮಿಕ್ಕ ಅರ್ಧ ತಟ್ಟೆಯ ಎಡಗಡೆ ಹಾಗೇ ಇರುತ್ತಿತ್ತು. ಕಣ್ಣು ನೆಟ್ಟಗಿದ್ದವು. ಆದರೆ ಎಡಗಡೆ ಎಂಬುದೊಂದು ಇದೆ ಎನ್ನುವುದನ್ನೇ ತಲೆ ಮರೆತಿತ್ತು. ತನ್ನ ಎಡಗೈಯನ್ನೇ ಮುಟ್ಟಿ ನೋಡಿ ಒಮ್ಮೆ ನನಗೆ ಹೇಳಿದಳು: "ಸಾಹೇಬ್ರ, ಯಾರೋ ಬಂದವರು ಕೈ ಇಲ್ಲೇ ಬಿಟ್ಟ ಹೋಗ್ಯಾರ ನೋಡ್ರಿ. ಒಯ್ಯಾಕ ಹೇಳ್ರಿ." ನಾನು ನಗಲು ಹೋಗಿ ನಿಲ್ಲಿಸಿದೆ.

ತಮ್ಮ ಮಾತ್ರ ವಾದಿಸುತ್ತಿರಲಿಲ್ಲ. 'ಅಲ್ಲೇ ಅದ ನೋಡು' ಎಂದು ತೋರಿಸುತ್ತಲೂ ಇರಲಿಲ್ಲ. ಎರಡು ಬೆರಳಿನಿಂದ ತಟ್ಟೆಯ ಅಂಚು ಹಿಡಿದು, ಫೋಟೊ ನೆಟ್ಟಗೆ ಮಾಡುವವರಂತೆ ಮೆಲ್ಲಗೆ ಅರ್ಧ ಸುತ್ತು ತಿರುಗಿಸುತ್ತಿದ್ದರು. ಎಡಗಡೆಯ ರೊಟ್ಟಿ ಬಲಕ್ಕೆ ಬರುತ್ತಿತ್ತು.

"ಹಾಂ, ಈಗ ಹಾಕಿದಿ ನೋಡು" ಎಂದು ಅಕ್ಕ ಅದನ್ನೂ ತಿನ್ನುತ್ತಿದ್ದಳು.

ಅವರನ್ನು ನೆನೆದರೆ ನನಗೆ ಮೊದಲು ಕಾಣುವುದು ಆ ಎರಡು ಬೆರಳು.

ಕಲಬುರಗಿಯ ಡಾಕ್ಟರು ಹೇಳಿದ್ದರಂತೆ: ಎಡಕ್ಕೆ ನೋಡುವ ರೂಢಿ ಮಾಡಿಸಿ, ಮೊದಲ ಕೆಲವು ತಿಂಗಳಲ್ಲಿ ಕಲಿತದ್ದೇ ಕಲಿತದ್ದು, ಆಮೇಲೆ ಕಷ್ಟ. ಮಂಚವನ್ನು ತಿರುಗಿಸಿ ಹಾಕಿ, ಬಾಗಿಲು ಆಕೆಯ ಎಡಕ್ಕೆ ಬರಲಿ, ಬಂದುಹೋಗುವವರನ್ನು ನೋಡಲು ತಾನೇ ತಿರುಗುತ್ತಾಳೆ ಎಂಬ ಸಲಹೆಯನ್ನೂ ಕೊಟ್ಟರು. ಬಹಳ ಸರಿಯಾದ ಸಲಹೆ. ಆದರೆ ಡಾಕ್ಟರು ಪಡಸಾಲೆಯನ್ನು ನೋಡಿರಲಿಲ್ಲ. ಬಾಗಿಲು ಪೂರ್ವಕ್ಕೆ. ಮಂಚದ ತಲೆ ದಕ್ಷಿಣಕ್ಕೆ. ಬಾಗಿಲು ಎಡಕ್ಕೆ ಬರಬೇಕಾದರೆ ತಲೆ ಉತ್ತರಕ್ಕೆ ಹೋಗಬೇಕು.

"ಉತ್ತರಕ್ಕ ತಲಿ ಹಾಕಿ ಮಲಗಸ್ತೀರೇನ? ಹಂಗರೆ ಡಾಕ್ಟರ್ ಯಾಕ, ಹೂವಿನ ಹಾರದಂವಗೇ ಹೇಳ್ರಿ" ಎಂದಳು ಅಕ್ಕ. ಸಭೆ ಅಲ್ಲಿಗೆ ಮುಗಿಯಿತು. ಉತ್ತರಕ್ಕೆ ತಲೆ ಹಾಕಿ ಮಲಗುವುದಿಲ್ಲ ಎಂಬುದು ನಮ್ಮ ಕಡೆ ಚರ್ಚೆಯ ವಿಷಯವಲ್ಲ. ನಾನೂ ಮಲಗುವುದಿಲ್ಲ. ಯಾಕೆ ಎಂದು ಕೇಳಿದರೆ ನನ್ನ ಬಳಿ ದಾಖಲೆ ಇಲ್ಲ.

ಎಡಗಡೆ ಮೂಲೆಯಲ್ಲಿ ಟಿವಿ ಇಟ್ಟು ನೋಡಿದರು. ಅಕ್ಕ ನೆಟ್ಟಗೆ ಸೂರಿನ ಕಡೆ ನೋಡುತ್ತಲೇ ಧಾರಾವಾಹಿಯ ಅತ್ತೆಯನ್ನು ಬೈಯುತ್ತಿದ್ದಳು. ಎರಡು ವಾರದ ಮೇಲೆ ತಮ್ಮ ಅದನ್ನು ಎತ್ತಿಟ್ಟರು.

"ಟಿವಿ ಮಾತಾಡತದ ಸಾಹೇಬ್ರ. ಕೇಳಿದ್ರ ಸಾಕು, ನೋಡೂ ಗರಜೇ ಇಲ್ಲ. ಮಾತಾಡದಂಥದ್ದು ಏನರೆ ಬೇಕು. ಮತ್ತ ಅದು ನಿಂತಲ್ಲಿ ನಿಂದ್ರಬಾರದು."

ಮಾತಾಡದ, ನಿಲ್ಲದ ಆ ವಸ್ತು ಯಾವುದೆಂದು ಆಗಲೇ ಅವರಿಗೆ ಗೊತ್ತಿತ್ತು. ಡಾಕ್ಟರ ಬಳಿ ಸರದಿ ಕಾಯುವಾಗ ಎದುರಿಗೆ ಮೀನಿನ ಪೆಟ್ಟಿಗೆಯೊಂದು ಇತ್ತಂತೆ. ಒಂದು ಕೆಂಪು ಮೀನು ಬಲದಿಂದ ಎಡಕ್ಕೆ ಹೋದಾಗ ಅಕ್ಕನ ಕಣ್ಣು ಅದರ ಹಿಂದೆ ಹೋಗಿ, ನಡುವೆ ಬಂದು, ನಡುವನ್ನು ದಾಟಿ ಒಂದು ಬೆರಳಷ್ಟು ಮುಂದೆ ಹೋಗಿತ್ತಂತೆ.

"ಒಂದು ಬೆರಳು. ನಾ ನೋಡೇನಿ" ಎಂದು ತೋರುಬೆರಳನ್ನು ನನ್ನ ಮುಖದ ಮುಂದೆ ಹಿಡಿದರು. ಜೀವನವಿಡೀ ಇಂಚುಗಳಲ್ಲಿ ಬದುಕಿದ ಮನುಷ್ಯ. ಒಂದು ಬೆರಳೆಂದರೆ ಒಂದೇ ಬೆರಳು.

"ಒಂದು ಕೊಂಡು ತರೂದಲ್ಲೇನು, ಅಣ್ಣಾರ?" ಎಂದೆ.

"ಅಂಗಡ್ಯಾನು ಗಿಡ್ಡ ಅವ್ರಿ. ಮೀನ ಎಲ್ಲಿ ಹೋದ್ರೂ ಅಲ್ಲೇ ಇರತದ. ನನಗ ಐದು ಫೂಟ್ ಬೇಕು, ಓಣಿ ಇದ್ದಂಗ. ಇತ್ಲಾಗಿಂದ ಹೊಂಟ ಮೀನ ಅತ್ಲಾಗ ಹೋಗಿ ಮುಟ್ಟಬೇಕು."

ಹೀಗೆ ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳ ಜಂಟಿ ಯೋಜನೆಯೊಂದು ಆರಂಭವಾಯಿತು. ಈ ಮೂರೂ ಒಟ್ಟಿಗೆ ಒಂದು ಕೆಲಸಕ್ಕೆ ಕೂಡಿದ್ದನ್ನು ನನ್ನ ನೌಕರಿಯ ಕಾಲದಲ್ಲಿ ನಾನು ಕಂಡಿರಲಿಲ್ಲ. ಅಕ್ಕನ ಮಗಳು ಅಫಜಲಪುರದಿಂದ ಸುದ್ದಿ ಕಳಿಸಿದಳು: ಅಲ್ಲಿ ಹಲ್ಲಿನ ದವಾಖಾನೆಯೊಂದು ಮುಚ್ಚಿದೆ, ಒಡೆದ ಮೀನಿನ ಪೆಟ್ಟಿಗೆ ಹಿತ್ತಿಲಿನಲ್ಲಿ ಬಿದ್ದಿದೆ. ಗಾಣಗಾಪುರದ ಒಂದು ಲಾಡ್ಜಿನಲ್ಲಿ ಇನ್ನೊಂದು. ಭಕ್ತರು ಮೀನುಗಳಿಗೂ ಪ್ರಸಾದದ ಅನ್ನ ಹಾಕಿ ಹಾಕಿ ಅವಕ್ಕೆ ಮುಕ್ತಿ ಕೊಡಿಸಿದ್ದರು. ಮುಂದೆ ಯಾರದೋ ಟ್ರಂಕು ತಾಗಿ ಗಾಜು ಸೀಳಿತ್ತು. ಮೂರನೆಯದೇ ದೊಡ್ಡದು, ಐದು ಫೂಟಿನದು. ಜೇವರ್ಗಿಯ ಹೋಟೆಲೊಂದರಲ್ಲಿ, ತಳ ಒಡೆದ ಮೇಲೆ ಅದನ್ನು ಮಗ್ಗುಲಾಗಿಸಿ ಒಳಗೆ ಮಿರ್ಚಿ ಭಜಿ ಇಟ್ಟು ಮಾರುತ್ತಿದ್ದರು.

ಮೂರೂ ಕಡೆ ನನ್ನನ್ನು ಜೊತೆಗೆ ಕರೆದೊಯ್ದರು. ನಿವೃತ್ತ ನೌಕರನಿಗೆ ಕೆಲಸವಿಲ್ಲ ಎಂಬ ತಪ್ಪು ಕಲ್ಪನೆ ಸಮಾಜದಲ್ಲಿ ಆಳವಾಗಿ ಬೇರೂರಿದೆ. ಜೇವರ್ಗಿಯಿಂದ ಬರುವಾಗ ಹಳೆಯ ಕೌದಿಯಲ್ಲಿ ಸುತ್ತಿದ ಆ ಉದ್ದನೆಯ ಗಾಜಿನ ಪೆಟ್ಟಿಗೆ ನಮ್ಮಿಬ್ಬರ ತೊಡೆಯ ಮೇಲಿತ್ತು. ಬಸ್ಸಿನ ಕಂಡಕ್ಟರು ಬಂದು ಬಗ್ಗಿ ನೋಡಿದ.

"ಒಳಗ ಏನದರಿ, ಕಾಕಾ?"

"ಏನಿಲ್ಲಪಾ."

"ಏನಿಲ್ಲದ್ದಕ್ಕ ಇಬ್ರು ಹಿಡಕೊಂಡು ಕುಂತೀರಿ?"

"ಮುಂದ ತುಂಬೂದದ" ಎಂದರು ಅವರು, ಬಹಳ ಗಂಭೀರವಾಗಿ. ಕಂಡಕ್ಟರು ನನ್ನ ಮುಖ ನೋಡಿದ. ನಾನು ಕಿಟಕಿಯಿಂದ ಹೊರಗೆ ತೊಗರಿ ಹೊಲ ನೋಡಿದೆ.

ಮನೆಯ ಅಂಗಳದಲ್ಲಿ ಮೂರನ್ನೂ ಬಿಚ್ಚಿದರು. ಹಳೆಯ ಅಂಟನ್ನು ಬ್ಲೇಡಿನಿಂದ ಕೆರೆದು ಕೆರೆದು ತೆಗೆದರು. ಹಳೆಯ ಅಂಟಿನ ಮೇಲೆ ಹೊಸದು ಹಿಡಿಯುವುದಿಲ್ಲ ಎಂದು ಮೊಬೈಲಿನ ವಿಡಿಯೋದಲ್ಲಿ ಯಾರೋ ಹಿಂದಿಯಲ್ಲಿ ಹೇಳಿದ್ದನ್ನು ಮಂತ್ರದಂತೆ ಪಾಲಿಸಿದರು. ಜೇವರ್ಗಿಯ ಗಾಜಿನ ಮೇಲಿನ ಎಣ್ಣೆ ಜಿಡ್ಡು ಮಾತ್ರ ಯಾವುದಕ್ಕೂ ಬಗ್ಗಲಿಲ್ಲ. ಸಾಬೂನು ಹಾಕಿದರೆ ಮೀನಿಗೆ ಆಗದು. ಕೊನೆಗೆ ಮಂಚದ ಮೇಲಿನಿಂದ ಅಕ್ಕನೇ ಆದೇಶ ಹೊರಡಿಸಿದಳು: "ಕಡ್ಲಿ ಹಿಟ್ಟು ಹಚ್ಚಿ ತಿಕ್ಕು." ಭಜಿಯ ಜಿಡ್ಡು ಭಜಿಯ ಹಿಟ್ಟಿನಿಂದಲೇ ಹೋಯಿತು. ಯಾವ ಪೆಟ್ಟಿಗೆಗಾಗಿ, ಯಾರಿಗಾಗಿ ಎಂದು ಆಕೆಗೆ ಹೇಳಿರಲಿಲ್ಲ. ಹೇಳಿದ್ದರೆ ಎಡಕ್ಕೆ ನೋಡಲು ತನಗೆ ಪಾಠ ಬೇಕಿಲ್ಲ ಎನ್ನುತ್ತಿದ್ದಳು. ಎಲ್ಲರೂ "ಎಡಕ್ಕ ನೋಡು, ಎಡಕ್ಕ ನೋಡು" ಎಂದು ಕೂಗಿದಾಗ ಆಕೆಯ ಉತ್ತರ ಒಂದೇ ಇತ್ತು: "ನೋಡಾಕತ್ತೇನಲ್ಲ!" ಸುಳ್ಳು ಹೇಳುತ್ತಿರಲಿಲ್ಲ. ಆಕೆಯ ಲೋಕದಲ್ಲಿ ಎಡ ಎಂಬುದು ಅಷ್ಟಕ್ಕೇ ಮುಗಿದಿತ್ತು.

ಗಾಜು ಕೊಯ್ಯುವಾಗ ಅವರ ಕೈ ನೋಡಬೇಕಿತ್ತು. ಗಾಜಿನ ಮೇಲೆ ಒಂದು ಗೆರೆ, ಕಿರ್ರ್ ಎಂಬ ಒಂದೇ ಸದ್ದು, ಆಮೇಲೆ ಅಡಿಯಿಂದ ಬೆರಳಲ್ಲಿ ಮೆಲ್ಲಗೆ ತಟ್ಟುವುದು. ಗಾಜು ತಾನಾಗಿ ಬಿಡುತ್ತಿತ್ತು. ಐದು ತುಂಡುಗಳನ್ನು ಅಂಟು ಹಾಕಿ ಕೂಡಿಸಿದರು. ಅಂಗಳವೆಲ್ಲ ಹುಳಿ ವಾಸನೆ. ಉಗುರಿನಿಂದ ಮೂಲೆಗಳನ್ನು ಸವರಿ ನೋಡಿದರು. ಎಲ್ಲೂ ತಡೆಯಲಿಲ್ಲ. ಒಂದು ವಾರ ಒಣಗಲು ಬಿಟ್ಟು, ಎಂಟು ಕೊಡ ನೀರು ತುಂಬಿದೆವು. ತುಂಬಿದವನು ನಾನು. ಅವರು ಕೆಳಗೆ ಹರಡಿದ ಪೇಪರಿನ ಮೇಲೆ ಕಣ್ಣಿಟ್ಟು ಕುಳಿತಿದ್ದರು.

ಅರ್ಧ ಗಂಟೆಯಲ್ಲಿ ಪೇಪರು ಒದ್ದೆಯಾಯಿತು. ನಾಲ್ಕೂ ಮೂಲೆಯಿಂದ.

ಅವರು ಸೋರುವ ಮೂಲೆಗೆ ಬೆರಳು ಒತ್ತಿ ಹಿಡಿದು ಬಹಳ ಹೊತ್ತು ಕುಳಿತರು. ಒಂದು ಬೆರಳಿನಿಂದ ಎಂಟು ಕೊಡ ನೀರು ನಿಲ್ಲುವುದಿಲ್ಲ ಎಂದು ಹೇಳಬೇಕೆನಿಸಿತು. ಆಗಲೇ ಎರಡೂವರೆ ತಿಂಗಳು ಕಳೆದಿತ್ತು. ಡಾಕ್ಟರು ಹೇಳಿದ 'ಕೆಲವು ತಿಂಗಳು' ಎಷ್ಟು ಎಂದು ನಾವ್ಯಾರೂ ಕೇಳಿರಲಿಲ್ಲ. ಕೇಳಲು ಧೈರ್ಯವೂ ಇರಲಿಲ್ಲ.

ತಪ್ಪು ಎಲ್ಲಿ ಎಂಬುದು ಮರುದಿನ ಗೊತ್ತಾಯಿತು. ಅಂಗಡಿಗೆ ಹೋದರೆ ಅವರು ಕೈಯಲ್ಲೊಂದು ಖಾಲಿ ಕಟ್ಟು ಹಿಡಿದು ಮೂಲೆಯನ್ನೇ ನೋಡುತ್ತ ಕುಳಿತಿದ್ದರು.

"ಕಾಚಿಗೆ ಕಾಚ ತಾಗಿಸಿ ಕೂಡಿಸಿಬಿಟ್ಟೇನಿ ಸಾಹೇಬ್ರ. ಅಂಟಿಗೆ ಜಾಗಾನೇ ಬಿಟ್ಟಿಲ್ಲ. ಜರಾ ಸಂದು ಬಿಡಬೇಕಿತ್ತು. ಅಂಟು ಒಳಗ ಕುಂತರೇ ನೀರ ಹಿಡೀತದ." ಖಾಲಿ ಕಟ್ಟನ್ನು ಕೆಳಗಿಟ್ಟು ಸೇರಿಸಿದರು: "ನಲವತ್ತು ವರ್ಷ ಸಂದು ಮುಚ್ಚಿದ ಕೈರಿ. ಬಿಡಾಕ ಬರವಲ್ತು."

ಅವರ ಗಾಜು ಅಲ್ಲಿಯವರೆಗೆ ತಡೆದದ್ದು ಧೂಳನ್ನು ಮಾತ್ರ. ಕಟ್ಟಿನೊಳಗಿನವರು ಒತ್ತುವುದಿಲ್ಲ, ನೂಕುವುದಿಲ್ಲ, ಅಲುಗುವುದಿಲ್ಲ. ನೀರು ಹಾಗಲ್ಲ. ಬೇರೆ ಯಾವ ಕಸುಬಿನವನು ಕೈ ಹಾಕಿದ್ದರೂ ಅಂಕುಡೊಂಕಾಗಿ ಕೂಡಿಸಿ, ಅಂಟು ದಪ್ಪ ಮೆತ್ತಿ, ಮೊದಲ ಸಲಕ್ಕೇ ಗೆದ್ದುಬಿಡುತ್ತಿದ್ದ. ಇವರು ಸೋತದ್ದು ಕೆಲಸ ಚೆನ್ನಾಗಿ ಬರುತ್ತಿದ್ದುದರಿಂದ. ಸರ್ಕಾರಿ ನೌಕರಿಯಲ್ಲಿ ಇಂಥ ಸೋಲಿನ ಅನುಭವ ನನಗೆ ಆಗಿರಲಿಲ್ಲ.

ಮತ್ತೆ ಎಲ್ಲ ಬಿಚ್ಚಿದರು. ಗಾಜನ್ನು ಎರಡು ನೂಲಿನಷ್ಟು, ಅಂದರೆ ಕಾಲು ಇಂಚು, ಕಡಿಮೆ ಮಾಡಬೇಕು. ಅಷ್ಟು ಸಣ್ಣ ಪಟ್ಟಿಯನ್ನು ಕೊಯ್ಯಲು ಹೋದರೆ ಗಾಜು ಅಡ್ಡಾದಿಡ್ಡಿ ಸೀಳುತ್ತದೆ. ಐದು ಫೂಟಿನ ಗಾಜು ಒಡೆದರೆ ಇನ್ನೊಂದು ಮೂರೂ ತಾಲ್ಲೂಕಿನಲ್ಲಿ ಇಲ್ಲ. ಆದ್ದರಿಂದ ಅಂಚುಗಳನ್ನು ಕಲ್ಲಿನ ಮೇಲೆ ನೀರು ಹಾಕಿ ಮಸೆಯಲು ಕುಳಿತರು. ಅಂಗಡಿ ಬಂದ್. ಹತ್ತು ದಿನ, ಮುಂಜಾನೆಯಿಂದ ಹೊತ್ತು ಮುಳುಗುವವರೆಗೆ ಗಸ ಗಸ ಗಸ.

"ಏನು ಮಸಿತಿ ಲೇ, ಕುಡುಗೋಲೇನ?" ಒಳಗಿನಿಂದ ಅಕ್ಕ.

"ಹೂಂ ಅಕ್ಕಾ."

"ಹೊಲಾ ಎಲ್ಲದ ನಿನಗ?"

"ತಗೋತೇನಿ ಬಿಡು."

ಎರಡನೆಯ ಸಲ ಗಾಜು ಗಾಜಿನ ನಡುವೆ ಕಡ್ಡಿಪೆಟ್ಟಿಗೆಯ ಕಡ್ಡಿಗಳನ್ನಿಟ್ಟು, ಸಂದು ಬಿಟ್ಟು, ಅಂಟು ತುಂಬಿದರು. ಒಣಗಿದ ಮೇಲೆ ಉಗುರಿನಿಂದ ಸವರಲಿಲ್ಲ. ಅತ್ತ ಮುಖ ತಿರುಗಿಸಿ, "ನೀವೇ ನೋಡ್ರಿ, ನನಗ ಆ ಸಂದು ನೋಡಾಕ ಆಗವಲ್ತು" ಎಂದರು. ಎಂಟು ಕೊಡ ನೀರು ಮತ್ತೆ ನಾನೇ ತುಂಬಿದೆ. ಕೆಳಗಿನ ಪೇಪರು ಮೂರು ದಿನವಾದರೂ ಒಣಗಿಯೇ ಇತ್ತು. ನಾನು ಕುಳಿತು ಅದನ್ನು ಪೂರ್ತಿ ಓದಿದೆ.

ಮೊದಲ ಮೀನುಗಳು ನರೋಣಾ ಕಡೆಯ ಪರಿಚಯದ ಆರೋಗ್ಯ ಕಾರ್ಯಕರ್ತರೊಬ್ಬರು ಕೊಟ್ಟವು, ಸೊಳ್ಳೆಮರಿ ತಿನ್ನಲು ಬಾವಿಗಳಿಗೆ ಬಿಡುವಂಥವು. ಸರ್ಕಾರಿ ಮೀನು. ನಮ್ಮವರೇ ಎಂಬ ಅಭಿಮಾನದಿಂದ ನೋಡಿದೆ. ಅತ್ತಿಂದಿತ್ತ ಓಡಾಡುತ್ತಿದ್ದವೇ ಹೊರತು ಕೆಲಸ ಮಾಡಿದಂತೆ ಕಾಣಲಿಲ್ಲ. ಅವು ಬದುಕಿದವು, ಅಂದರೆ ನೀರು ಸರಿಯಿತ್ತು. ಅವನ್ನು ಬಾವಿಗೆ ಬಿಟ್ಟ ಮೇಲೆ ಕಲಬುರಗಿಯಿಂದ ಏಳು ಕೆಂಪು ಮೀನು, ಒಂದು ಕರಿ ಮೀನು ಪ್ಲಾಸ್ಟಿಕ್ ಚೀಲದಲ್ಲಿ ಬಂದವು. ಪೆಟ್ಟಿಗೆಯನ್ನು ಅಕ್ಕನ ಕಾಲ ದೆಸೆಯ ಗೋಡೆಗೆ, ಆಕೆಯ ನಡುದೃಷ್ಟಿಯಿಂದ ಶುರುವಾಗಿ ಎಡಮೂಲೆಯವರೆಗೆ ಹೋಗುವಂತೆ ಇಟ್ಟರು. ಎಡತುದಿಯಲ್ಲಿ ಭೀಮಾ ನದಿಯಿಂದ ತಂದ ಒಂದು ಕಲ್ಲು.

ಸುದ್ದಿ ಹಬ್ಬಿತು. ಪಕ್ಕದ ಮನೆಯ ಶಾಂತಾಬಾಯಿ ಬಾಗಿಲಲ್ಲೇ ನಿಂತು ಮೂಗಿನ ಮೇಲೆ ಬೆರಳಿಟ್ಟಳು.

"ಅಲ್ಲ ಬೇ, ಕೊರಳಾಗ ಲಿಂಗ ಕಟ್ಟಿಕೊಂಡವರ ಮನ್ಯಾಗ ಮೀನಾ?"

"ತಿನ್ನಾಕಲ್ಲವಾ, ನೋಡಾಕ" ಎಂದಳು ಅಕ್ಕ. "ನಿನ್ನೂ ದಿನಾ ನೋಡತೇನಿ. ತಿಂದೇನೇನ?"

ಧರ್ಮಸೂಕ್ಷ್ಮ ಅಲ್ಲಿಗೆ ಇತ್ಯರ್ಥವಾಯಿತು. ಶಾಂತಾಬಾಯಿ ಮರುದಿನದಿಂದ ತಾನೇ ಬಂದು ಕುಳಿತು ಮೀನು ನೋಡತೊಡಗಿದಳು.

ಆದರೆ ಅಕ್ಕನ ಮೊದಲ ಅಭಿಪ್ರಾಯ ಹೀಗಿತ್ತು: "ಮೂರು ಮೀನಿಗೆ ಇಷ್ಟು ದೊಡ್ಡ ಡಬ್ಬಿ ಯಾಕ ಬೇಕಿತ್ತಲೇ?"

ಎಂಟಿದ್ದವು. ತಮ್ಮ ತಿದ್ದಲಿಲ್ಲ. ಅಕ್ಕನ ಊಟದ ಹೊತ್ತಿಗೇ ಮೀನಿಗೂ ಊಟ, ಅದೂ ಯಾವಾಗಲೂ ಎಡತುದಿಯಲ್ಲಿ. ಚಿಟಿಕೆ ಆಹಾರ ಬಿದ್ದ ಕೂಡಲೇ ಎಲ್ಲ ಮೀನು ಅತ್ತ ಓಡುತ್ತಿದ್ದವು. ಅಕ್ಕನ ಮುಂದೆ ಖಾಲಿ ನೀರು.

"ಎಲ್ಲಿ ಹೋದವಲೇ?"

ತಮ್ಮ ಎರಡು ಬೆರಳಿನಿಂದ ತಟ್ಟೆ ತಿರುಗಿಸುತ್ತಿದ್ದರು, ಅಷ್ಟೆ. ಒಂದು ವಾರ, ಎರಡು ವಾರ, ಐದು ವಾರ. ನಾನು ದಿನವೂ ಸಂಜೆ ಹೋಗಿ ಕುಳಿತು, ಆಕೆಯ ಕಣ್ಣು ನಡು ದಾಟಿತೇ ಎಂದು ಕಳ್ಳನಂತೆ ನೋಡುತ್ತಿದ್ದೆ. ದಾಟುತ್ತಿರಲಿಲ್ಲ, ಅಥವಾ ದಾಟಿದಂತೆ ಅನಿಸಿ ಮತ್ತೆ ಬಲಕ್ಕೆ ಬರುತ್ತಿತ್ತು. ಒಂದು ದಿನ ತಡೆಯಲಾರದೆ ಹೊರಗೆ ಬಂದು ಕೇಳಿದೆ: "ಆಗತದೇನ್ರಿ ಇದು, ಅಣ್ಣಾರ?"

ಅವರು ಬಹಳ ಹೊತ್ತು ಚಪ್ಪಲಿ ಹುಡುಕಿದರು. ಚಪ್ಪಲಿ ಕಾಲಿನಲ್ಲೇ ಇತ್ತು. "ಆಗಲಿಲ್ಲಂದ್ರ ತಟ್ಟಿ ತಿರುಗಸ್ತೇನಿ ಸಾಹೇಬ್ರ. ಕೈಯೇನು ನೋಯೂದಿಲ್ಲ" ಎಂದರು.

ಎಂಟು ಮೀನುಗಳಲ್ಲಿ ಆ ಕರಿ ಮೀನಿನದೊಂದು ಸ್ವಭಾವ. ಅದು ಎಡತುದಿಯ ಕಲ್ಲಿನ ಹಿಂದೆ ಸೇರಿಕೊಂಡದ್ದು ಅಲ್ಲಿಂದ ಎದ್ದು ಬರುತ್ತಲೇ ಇರಲಿಲ್ಲ. ಊಟ ಅಲ್ಲಿಗೇ ಬರುತ್ತಿದ್ದಾಗ ಬರುವುದಾದರೂ ಯಾಕೆ? ಬಂದವರು ಬಗ್ಗಿ ಹುಡುಕಿದರೆ ಮಾತ್ರ ಕಾಣುತ್ತಿತ್ತು. ಅದರ ಸುದ್ದಿಯನ್ನು ಅಕ್ಕನ ಮುಂದೆ ಯಾರೂ ಎತ್ತಿರಲಿಲ್ಲ.

ಆ ದಿನ ನಾನೂ ಅಲ್ಲೇ ಇದ್ದೆ. ತಟ್ಟೆಯಲ್ಲಿ ರೊಟ್ಟಿ, ಹೆಸರುಕಾಳು ಪಲ್ಯ. ತಮ್ಮ ಮೀನಿಗೆ ಆಹಾರ ಹಾಕಿ ಬಂದು ಕುಳಿತರು. ಅಕ್ಕ ಬಾಯಲ್ಲಿ ತುತ್ತಿಟ್ಟುಕೊಂಡೇ ಬೈದಳು:

"ಲೇ ತಮ್ಮಾ, ಆ ಮೂಲ್ಯಾಗಿನ ಕರೀದರ ಬಾಲ ಹರಿದದ. ಉಳಿದವು ಕಚ್ಚಾಕತ್ಯಾವ. ನಿನಗ ಕಣ್ಣು ಕಾಣಂಗಿಲ್ಲೇನ?"

ನಾನು ಕಲ್ಲಿನ ಕಡೆ ನೋಡಿದೆ. ಬಾಲ ಹರಿದಿತ್ತು.

ಅವರು ಎದ್ದರು. ನಿನ್ನೆಯ ಪೇಪರು ತೆಗೆದುಕೊಂಡು ಪೆಟ್ಟಿಗೆಯ ಹತ್ತಿರ ಹೋಗಿ, ನಮಗೆ ಬೆನ್ನು ಮಾಡಿ ನಿಂತು, ಗಾಜು ಒರೆಸತೊಡಗಿದರು. ಗಾಜು ಸ್ವಚ್ಛವಾಗಿಯೇ ಇತ್ತು. ಬಹಳ ಹೊತ್ತು ಒರೆಸಿದರು.

"ಎಷ್ಟ ತಿಕ್ಕತಿ, ಸವದೀತು ಕಾಚ" ಎಂದಳು ಅಕ್ಕ.

ಇದನ್ನು ಪವಾಡ ಎಂದು ದಾಖಲಿಸಬಾರದು. ಮರುದಿನ ಆಕೆ ಮತ್ತೆ ಅರ್ಧ ರೊಟ್ಟಿ ಬಿಟ್ಟಳು. ಅದರ ಮರುದಿನ ಬಿಡಲಿಲ್ಲ. ಕೆಲವು ದಿನ ಮೀನು ಎಂಟು, ಕೆಲವು ದಿನ ಐದು. ಎಡಗೈ ತನ್ನದೇ ಎಂದು ಒಪ್ಪಿಕೊಂಡಳು. ಆದರೆ "ದಂಡದ ಕೈ" ಎಂದಳು. ವರ್ಷ ಕಳೆಯುವ ಹೊತ್ತಿಗೆ ತಟ್ಟೆ ತಿರುಗಿಸುವ ಕೆಲಸ ವಾರಕ್ಕೊಮ್ಮೆಗೆ ಇಳಿದಿತ್ತು. ಆದರೂ ಊಟದ ಹೊತ್ತಿಗೆ ಅವರ ಎರಡು ಬೆರಳು ತಟ್ಟೆಯ ಅಂಚಿನ ಹತ್ತಿರ ಬಂದು ಕಾಯುತ್ತಿದ್ದವು. ಅಕ್ಕ ಆ ಬೆರಳನ್ನು ನೋಡಿದರೆ ಚಮಚದಿಂದ ಹೊಡೆಯುತ್ತಿದ್ದಳು.

ಹೋದ ತಿಂಗಳು ಅಂಗಡಿಯಲ್ಲೇ, ಮಧ್ಯಾಹ್ನ, ಒಂದು ಕಟ್ಟಿನ ಮೂಲೆ ಸವರುತ್ತ ಕುಳಿತವರು ಹಾಗೇ ಒರಗಿದರು. ಎದೆ. ಪಕ್ಕದ ದರ್ಜಿ ಓಡಿ ಬರುವಷ್ಟರಲ್ಲಿ ಮುಗಿದಿತ್ತು. ಅಫಜಲಪುರದಿಂದ ಅಕ್ಕನ ಮಗಳು ಬಂದಳು. ಇನ್ನು ತಾಯಿಯ ಜೊತೆ ಇಲ್ಲೇ ಇರುವುದೆಂದು ನಿಶ್ಚಯಿಸಿದ್ದಾಳೆ.

ಊರಿನವರಿಗೆಲ್ಲ ಕಟ್ಟು ಹಾಕಿದ ಮನುಷ್ಯನ ಒಂದೂ ಫೋಟೊ ಮನೆಯಲ್ಲಿ ಇರಲಿಲ್ಲ. ಇದ್ದದ್ದು ಆಧಾರ್ ಕಾರ್ಡಿನದು. ಅದರಲ್ಲಿ ಎಲ್ಲರೂ ಹೇಗೆ ಇರುತ್ತೇವೋ ಹಾಗೇ ಇದ್ದರು. ಮಗಳು ಅದನ್ನೇ ದೊಡ್ಡದು ಮಾಡಿಸೋಣ ಎಂದಾಗ ನನ್ನ ಬಾಯಿಂದ ನನಗೆ ಗೊತ್ತಿಲ್ಲದೆ ಅವರ ಪ್ರಶ್ನೆ ಬಂತು: "ನಗೂದು ಇಲ್ಲೇನವಾ?"

ಇತ್ತು. ಆಕೆಯ ಮೊಬೈಲಿನಲ್ಲಿ, ಮೀನಿನ ಚಿತ್ರ ತೆಗೆಯಲು ಹೋದಾಗ ಸಿಕ್ಕದ್ದು. ಪೆಟ್ಟಿಗೆಯ ಒಂದು ತುದಿಯಲ್ಲಿ ಅವರು ಬಗ್ಗಿ ಒಳಗೆ ನೋಡುತ್ತಿದ್ದಾರೆ. ನೀರಿನ ಮೂಲಕ ಮುಖ ಕೊಂಚ ಅಗಲವಾಗಿದೆ, ಕಿವಿಯ ಮೇಲೆ ಒಂದು ಕೆಂಪು ಬಾಲ ಹಾದಿದೆ. ನಗುತ್ತಿದ್ದಾರೆ. ಅದನ್ನೇ ಕಲಬುರಗಿಗೆ ಒಯ್ದೆ.

ಕಟ್ಟು ತಂದ ದಿನ ಎಲ್ಲಿ ತೂಗುಹಾಕುವುದು ಎಂಬ ಮಾತು ಬಂತು. ನಾನೂ ಮಗಳೂ ಯೋಚಿಸಿ ಬಾಗಿಲ ಪಕ್ಕದ ಗೋಡೆ ಎಂದು ತೀರ್ಮಾನಿಸಿದೆವು. ಅದು ಅಕ್ಕನ ಬಲಗಡೆ. ಆಕೆಗೆ ತ್ರಾಸಿಲ್ಲದೆ ಕಾಣಲಿ ಎಂದು. ನಾನು ಸ್ಟೂಲು ಹತ್ತಿ ಮೊಳೆ ಹಿಡಿದೆ.

"ಸಾಹೇಬ್ರ, ಇಳೀರಿ" ಎಂದಳು ಅಕ್ಕ.

ಇಳಿದೆ.

"ಅಲ್ಲಿ ಯಾರು ಹಾಕಂದ್ರು? ಆ ಕಡಿ ಹಾಕ್ರಿ. ಮೀನಿನ ಮ್ಯಾಲ, ಮೂಲ್ಯಾಗ."

ಎಡಮೂಲೆ. ಮಗಳು "ಅವ್ವಾ, ಅಲ್ಲಿ ನಿನಗ..." ಎಂದು ಶುರು ಮಾಡಿ, ಸ್ಟೂಲು ಎತ್ತಿ ನನ್ನ ಕೈಗೆ ಕೊಟ್ಟಳು. ನಾನು ಸ್ಟೂಲು ಒಯ್ದು, ಕರಿ ಮೀನಿನ ಕಲ್ಲಿನ ನೇರಕ್ಕೆ ಮೊಳೆ ಹೊಡೆದು ಫೋಟೊ ಹಾಕಿ ಕೆಳಗಿಳಿದೆ. ಅಕ್ಕ ಕತ್ತನ್ನು ಮೆಲ್ಲಗೆ, ತುಕ್ಕು ಹಿಡಿದ ಅಗುಳಿ ಸರಿಸಿದಂತೆ, ಎಡಕ್ಕೆ ತಂದಳು. ನಡುವಿಗೆ ಬಂತು. ನಡು ದಾಟಿತು. ಕೊನೆಯವರೆಗೆ ಹೋಯಿತು. ಅಲ್ಲಿ ನಿಂತಿತು.

"ಎಡಕ, ಕೆಳಗಿನ ಮೂಲ್ಯಾಗ ಸಂದು ಬಿಟ್ಟದ ನೋಡ್ರಿ" ಎಂದಳು. "ನಮ್ಮ ತಮ್ಮ ಹಿಂಗ ಬಿಡತಿದ್ದಿಲ್ಲ."

ನಾಳೆಯೇ ಕಲಬುರಗಿಗೆ ಒಯ್ದು ಸರಿ ಮಾಡಿಸಿಕೊಂಡು ಬರುವೆನೆಂದು ಹೇಳಿದೆ.

"ಬ್ಯಾಡ, ಇರ್ಲಿ. ದಿನಾ ಅತ್ಲಾಗ ನೋಡಿ ಬೈಯಾಕ ಏನರೆ ಬೇಕಲ್ಲ."

ಸದರಿ ಸಂದನ್ನು ಯಥಾಸ್ಥಿತಿಯಲ್ಲಿ ಬಿಡಲಾಗಿದೆ.